ಟಿವಿ ಮುಂದೆ ಆರು ಗಂಟೆ, ಆದ್ರೂ ಬೇಜಾರು

(ನನ್ನ ಹತ್ತಿರ ಸಲಹೆಗೆ ಬಂದ ಒಬ್ಬ ತಾಯಿ, ಮಗನ ಕಥೆ ಇದು, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

"ಅವ್ವಗ ಏನ್ ಕಡಿಮೆ ಮಾಡೀವಿ ಮೇಡಂ? ಅಡುಗಿ ಕೆಲಸ ಇಲ್ಲ, ಹೊಲದ ಕೆಲಸ ಇಲ್ಲ, ದೊಡ್ಡ ಟಿವಿ ತಂದೀವಿ" ಅಂತ ಮಗ ಮಾತು ಶುರು ಮಾಡಿದರು. ಅವ್ವನಿಗೆ 61 ವರ್ಷ. ಆಳಂದ ಕಡೆಯ ಹಳ್ಳಿಯವರು, ಗಂಡ ತೀರಿಕೊಂಡ ಮೇಲೆ ಕಲಬುರಗಿಗೆ ಬಂದು ಮಗನ ಮನೆಯಲ್ಲಿದ್ದಾರೆ, ಎರಡನೇ ಮಹಡಿ. ಅವರು ಹೇಳಿದ್ದು ಒಂದೇ ಮಾತು: "ಟೈಮ್ ಭಾಳ ಅದ ರೀ, ಹೊತ್ತೇ ಹೋಗಲ್ಲ."

ನಿದ್ದೆ, ಊಟ, ಅಳು, ಗಂಡನ ನೆನಪು ಎಲ್ಲಾ ಕೇಳಿದೆ. ಖಿನ್ನತೆ ಅನ್ನುವಂಥದ್ದು ಕಾಣಲಿಲ್ಲ. ಹಾಗಾಗಿ ಬಿಡುವಿನ ತೃಪ್ತಿ ಅಳೆಯುವ ಪ್ರಶ್ನಾವಳಿ ತೆಗೆದೆ. 1980ರಲ್ಲಿ ಅಮೆರಿಕದಲ್ಲಿ ಬಿಯರ್ಡ್ ಮತ್ತು ರಾಘೆಬ್ ಮಾಡಿದ್ದು. ಅದರ ಚಿಕ್ಕ ರೂಪದಲ್ಲಿ 24 ಪ್ರಶ್ನೆ, ಒಂದೊಂದಕ್ಕೂ 1ರಿಂದ 5 ಅಂಕ. ಇದು ಎಷ್ಟು ಗಂಟೆ ಬಿಡುವು ಇದೆ ಅಂತ ಕೇಳುವುದಿಲ್ಲ, ಆ ಬಿಡುವಿನಿಂದ ಏನು ಸಿಕ್ಕಿತು ಅಂತ ಕೇಳುತ್ತದೆ: ಮನಸ್ಸಿಗೆ ಸಮಾಧಾನ, ಹೊಸದು ಕಲಿತದ್ದು, ಜನರ ಒಡನಾಟ, ದಣಿವು ಆರಿದ್ದು, ಮೈಗೆ ಆದ ಒಳ್ಳೆಯದು, ಕೂತ ಜಾಗದ ಚೆಂದ. ನಾನೇ ಕನ್ನಡದಲ್ಲಿ ಓದಿ ಹೇಳಿದ್ದರಿಂದ ಬೇರೆಯವರ ಅಂಕದ ಜೊತೆ ಹೋಲಿಸಲಿಲ್ಲ, ಅವರದ್ದರಲ್ಲೇ ಎಲ್ಲಿ ಏರಿದೆ, ಎಲ್ಲಿ ಇಳಿದಿದೆ ಅಂತ ಮಾತ್ರ ನೋಡಿದೆ.

ದಣಿವು ಆರುವುದರಲ್ಲಿ 20ಕ್ಕೆ 16. ಜನರ ಒಡನಾಟದಲ್ಲಿ 5. ಒಂದೊಂದು ವಿಷಯಕ್ಕೆ ನಾಲ್ಕೇ ಪ್ರಶ್ನೆ, ಕನಿಷ್ಠ ಅಂಕವೇ 4, ಅಂದರೆ ತಳ ಮುಟ್ಟಲು ಒಂದೇ ಅಂಕ ಬಾಕಿ. ಮಗ ಆ ಕಾಗದವನ್ನೇ ನೋಡುತ್ತಾ ಕೂತರು, ಪಾಪ.

ಅದೇ ಪ್ರಶ್ನೆಗಳನ್ನು ಇನ್ನೊಂದು ಸಲ ಕೇಳಿದೆ, ಈ ಸಲ ಊರಲ್ಲಿದ್ದಾಗಿನ ಬಿಡುವಿನ ಬಗ್ಗೆ. ಅವ್ವ ಕೌದಿಯ ಮಾತು ತೆಗೆದರು. ಹಳೇ ಸೀರೆ ಒಂದರ ಮೇಲೊಂದು ಹಾಸಿ, ನಾಲ್ಕೈದು ಹೆಂಗಸರು ಸುತ್ತ ಕೂತು, ಯಾರ ಮನೆಯಲ್ಲಿ ಏನಾಯ್ತು ಅಂತ ಮಾತಾಡುತ್ತಾ ಹೊಲಿಯುತ್ತಿದ್ದದ್ದು. ಹೇಳುತ್ತಿರುವಾಗಲೇ ಅವರ ಹೆಬ್ಬೆರಳು, ತೋರುಬೆರಳು ಸೆರಗಿನ ಅಂಚು ಹಿಡಿದು ದಾರ ಎಳೆಯೋ ಹಾಗೆ ಓಡುತ್ತಿದ್ದವು. ಒಡನಾಟಕ್ಕೆ 19 ಬಂತು.

ನಾನು ಮಗನಿಗೆ ಹೇಳಿದ್ದು ಇಷ್ಟು. ಟಿವಿ ಬಂದ್ ಮಾಡಬೇಡಿ, ಅದು ಅವರಿಗೆ ಒಂದು ಕೆಲಸಕ್ಕೆ ಬರ್ತಿದೆ. ಇನ್ನೂ ಜಾಸ್ತಿ ಬಿಡುವು ಕೊಟ್ಟರೆ ಇದು ಸರಿಹೋಗುವುದಿಲ್ಲ, ಜೊತೆಗೆ ಕೂರುವವರು ಬೇಕು. "ಸುಮ್ನೆ ಕೂತ್ಕೋ ಅವ್ವಾ" ಅನ್ನೋದು ಪ್ರೀತಿಯ ಮಾತೇ, ಆದ್ರೆ ಅವರ ಕೈಯಿಂದ ಕೆಲಸದ ಜೊತೆಗೆ ಗೆಳತಿಯರನ್ನೂ ಕಿತ್ತುಕೊಂಡ ಹಾಗಾಯ್ತು ಅಲ್ವಾ? ಅವ್ವನಿಗೆ ಹೇಳಿದ್ದು: ವಾರಕ್ಕೆ ಎರಡು ದಿನ, ಬಿಸಿಲು ಇಳಿದ ಮೇಲೆ, ಮಾಳಿಗೆ ಮೇಲೆ ಒಂದು ಕೌದಿ ಹಾಸಿ. ಕೆಳಗಿನ ಮನೆಯವರನ್ನು ನೀವೇ ಕರೀರಿ, ಸೊಸೆ ಕರೆಯಲಿ ಅಂತ ಕಾಯಬೇಡಿ. ಮೊದಲ ದಿನ ಯಾರೂ ಬರದಿದ್ದರೂ ಹಾಸಿಕೊಂಡು ಕೂರಿ.

ಮೊದಲ ವಾರ ಯಾರೂ ಬರಲಿಲ್ಲ. ಆಮೇಲೆ ಇಬ್ಬರು ಬಂದರು, ಒಬ್ಬಾಕೆ ಬೀದರ್ ಕಡೆಯವರಂತೆ, ಹೊಲಿಗೆಯೇ ಬರಲ್ಲ, ಈಗ ಕಲಿಯುತ್ತಿದ್ದಾರೆ. ಆರು ವಾರದ ನಂತರ ಮತ್ತೆ ಕೇಳಿದಾಗ ಒಡನಾಟ 13ಕ್ಕೆ ಏರಿತ್ತು. ದಣಿವು ಆರುವುದರಲ್ಲಿ ಎರಡು ಅಂಕ ಇಳಿದಿತ್ತು. "ಸೂಜಿಗೆ ದಾರ ಹಾಕ್ಲಾಕ ಕಣ್ಣು ಕಾಣಲ್ಲ ರೀ" ಅಂದರು. ಕಣ್ಣಿನ ಡಾಕ್ಟರಿಗೆ ತೋರಿಸಿ ಅಂತ ಮಗನಿಗೆ ಹೇಳಿ ಕಳಿಸಿದೆ.