ವಿದೇಶಿ ಸಿನಿಮಾ ಎಲ್ಲಿಂದ ಶುರು ಮಾಡಲಿ? ಸಬ್‌ಟೈಟಲ್ ಓದೋದೇ ಕಷ್ಟ

ಸಬ್‌ಟೈಟಲ್ ಕಾಟ ಮೊದಲ ಎರಡು ಸಿನಿಮಾಗಷ್ಟೇ. ಆಮೇಲೆ ಕಣ್ಣು ತಾನೇ ಹೊಂದಿಕೊಳ್ಳುತ್ತದೆ. ನಾನಿರೋದು ಸಾಗರದಲ್ಲಿ. ಪಕ್ಕದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನಾಟಕ ಸಂಸ್ಥೆ ನೀನಾಸಂ, ಎಪ್ಪತ್ತರ ದಶಕದಲ್ಲೇ ಚಿತ್ರಸಮಾಜ ಕಟ್ಟಿ ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿತ್ತು. ತೋಟದ ಕೆಲಸ ಮುಗಿಸಿ ಬಂದು ಕೂತವರು ನೋಡಿದ್ದನ್ನು ನಾವು ಮೊಬೈಲ್ ಹಿಡ್ಕೊಂಡು ನೋಡಕ್ಕಾಗಲ್ವಾ?

ಮೊದಲು ಇಟಲಿಯ ನಿರ್ದೇಶಕ ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’ (1948) ನೋಡಿ. ಕೆಲಸಕ್ಕೆ ಬೇಕೇಬೇಕಾದ ಸೈಕಲ್ ಕಳವಾಗುತ್ತದೆ, ಅಪ್ಪ ಮಗ ರೋಮ್ ಬೀದಿಗಳಲ್ಲಿ ಹುಡುಕುತ್ತಾರೆ. ಅಷ್ಟೇ ಕತೆ. ಅರ್ಧ ಮಾತು ಬಿಟ್ಟುಹೋದರೂ ಆ ಹುಡುಗನ ಮುಖ ನೋಡಿದರೆ ಸಾಕು. ಆಮೇಲೆ ಜಪಾನಿನ ಕುರೊಸಾವಾ ಅವರ ‘ರಾಶೊಮನ್’ (1950). ಒಂದೇ ಸಾವು, ಹೇಳುವ ಒಬ್ಬೊಬ್ಬರದೂ ಒಂದೊಂದು ಕತೆ. ಅದರ ಜಡಿಮಳೆ ನೋಡಿದಾಗ ನನಗೆ ಆಗುಂಬೆಯೇ ನೆನಪಾಯಿತು.

ಹಾರರ್, ಥ್ರಿಲ್ಲರ್ ಇಷ್ಟವಾ? ಕೊರಿಯಾದವನ್ನು ಹಿಡಿಯಿರಿ, ತಪ್ಪೇನಿಲ್ಲ. ಕುತೂಹಲದಲ್ಲಿ ಓದುತ್ತಿದ್ದೇವೆ ಅನ್ನೋದೇ ಮರೆತುಹೋಗುತ್ತದೆ. ನಿಧಾನಕ್ಕೆ ಸಾಗುವ ಸಿನಿಮಾ ಮಾಡಿದ ರಷ್ಯಾದ ತಾರ್ಕೋವ್‌ಸ್ಕಿ ಮಾತ್ರ ಈಗಲೇ ಬೇಡ. ದೊಡ್ಡ ನಿರ್ದೇಶಕರೇ, ಆದರೆ ನಾನು ಅವರಿಂದ ಶುರು ಮಾಡಿ ಅರ್ಧ ಗಂಟೆಯಲ್ಲೇ ಗೊರಕೆ ಹೊಡೆದಿದ್ದೆ.

ನಿಧಾನಗತಿಗೆ ಅಭ್ಯಾಸ ಆಗಬೇಕಾದರೆ ನಮ್ಮ ತೀರ್ಥಹಳ್ಳಿ ಸೀಮೆಯ ಗಿರೀಶ್ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977) ಇದೆಯಲ್ಲ. ಅದಕ್ಕೆ ಸಬ್‌ಟೈಟಲ್ಲೂ ಬೇಡ.