ಓಟಗಾರ, ಮೇಷ್ಟ್ರು, ಅಪ್ಪ: ಮೂವರನ್ನೂ ಒಂದೇ ನುಡಿನಮನದಲ್ಲಿ ತರುವುದು ಹೇಗೆ?

ಪ್ರಶ್ನೆ: ಈಚೆಗೆ ತೀರಿಕೊಂಡ ನಮ್ಮ ತಂದೆಯವರು ಹರೆಯದಲ್ಲಿ ಒಳ್ಳೆಯ ಓಟಗಾರರು, ಆಮೇಲೆ ನಿವೃತ್ತಿಯವರೆಗೂ ದೈಹಿಕ ಶಿಕ್ಷಣದ ಮೇಷ್ಟ್ರು. ಸ್ಮರಣ ಸಂಚಿಕೆ ತರುತ್ತಿದ್ದೇವೆ. ಅವರ ಅತ್ಯುತ್ತಮ ಓಟಕ್ಕೆ ಪತ್ರಿಕೆಯ ತುಣುಕಿನಲ್ಲಿ 400 ಮೀಟರ್, 49.8 ಸೆಕೆಂಡ್ ಎಂದಿದೆ, ಸರ್ಟಿಫಿಕೇಟಿನಲ್ಲಿ 50.1 ಇದೆ. ಅದು ದಾಖಲೆಯಾಗಿತ್ತು ಎಂದು ಚಿಕ್ಕಪ್ಪ ಹೇಳುತ್ತಾರೆ. ಯಾವುದನ್ನು ಅಚ್ಚು ಹಾಕಿಸೋಣ?

ಉತ್ತರ: ಸರ್ಟಿಫಿಕೇಟಿನಲ್ಲಿ ಇರುವುದನ್ನೇ ಹಾಕಿಸಿ. ಅದಕ್ಕೆ ಮೊದಲು ಎರಡೂ ಒಂದೇ ಓಟದವೇ ಎಂದು ಖಚಿತಪಡಿಸಿಕೊಳ್ಳಿ. ಒಂದು ಹೀಟ್ಸ್‌ನದು (ಫೈನಲ್‌ಗೆ ಮೊದಲಿನ ಸುತ್ತು), ಇನ್ನೊಂದು ಫೈನಲ್‌ನದು ಆಗಿರುವುದು ತೀರಾ ಸಾಮಾನ್ಯ.

ದಿನಾಂಕ, ಸುತ್ತು ಎರಡೂ ಹೊಂದಿದರೆ ದೂರವನ್ನು ನೋಡಿ. ಹಳೆಯ ಕೂಟಗಳಲ್ಲಿ 440 ಗಜದ ಓಟವಿರುತ್ತಿತ್ತು. ಅದು 402.34 ಮೀಟರ್, ಅಂದರೆ 400ಕ್ಕಿಂತ ಎರಡೂಕಾಲು ಮೀಟರಿಗೂ ಹೆಚ್ಚು. ಗಜದ ಓಟದ ಸಮಯವನ್ನು 400 ಮೀಟರಿಗೆ ಇಳಿಸುವಾಗ 0.3 ಸೆಕೆಂಡ್ ಕಳೆಯುವುದು ವಾಡಿಕೆ. ನಿಮ್ಮ ಎರಡು ಅಂಕಿಗಳ ನಡುವೆ ಇರುವುದೂ ಅಷ್ಟೇ ಅಂತರ! ಸರ್ಟಿಫಿಕೇಟಿನಲ್ಲಿ ಗಜ ಎಂದಿದ್ದರೆ ‘440 ಗಜ, 50.1 ಸೆಕೆಂಡ್’ ಎಂದೇ ಬರೆಯಿರಿ, ಪರಿವರ್ತಿಸಬೇಡಿ.

ಗಡಿಯಾರದ ವ್ಯತ್ಯಾಸವೂ ಉಂಟು. ಸ್ಟಾಪ್‌ವಾಚ್ ಹಿಡಿದವರು ಪಿಸ್ತೂಲಿನ ಹೊಗೆ ಕಂಡ ಮೇಲೆ ಗುಂಡಿ ಒತ್ತುತ್ತಾರೆ. ಆ ಕ್ಷಣದ ತಡ ಓಟಗಾರನ ಲಾಭಕ್ಕೆ ಸೇರುತ್ತದೆ. ಹೀಗಾಗಿ ಸ್ಟಾಪ್‌ವಾಚಿನ ಸಮಯವನ್ನು ಎಲೆಕ್ಟ್ರಾನಿಕ್ ಸಮಯದ ಜೊತೆ ಹೋಲಿಸುವಾಗ 100 ಮತ್ತು 200 ಮೀಟರಿಗೆ 0.24, 400ಕ್ಕೆ 0.14 ಸೆಕೆಂಡ್ ಕೂಡಿಸುತ್ತಾರೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮಿಲ್ಖಾ ಸಿಂಗ್ ಓಡಿದ 400 ಮೀಟರಿಗೆ 45.6 ಎಂದೂ 45.73 ಎಂದೂ ಎರಡು ಸಮಯ ಓದಲು ಸಿಗುವುದು ಇದೇ ಕಾರಣಕ್ಕೆ. ಎರಡೂ ಸರಿ. ಆದರೆ ನಿಮ್ಮ 0.3 ಸೆಕೆಂಡಿನ ಅಂತರವನ್ನು ಗಡಿಯಾರವೊಂದೇ ವಿವರಿಸಲಾರದು.

ದಾಖಲೆ ಎನ್ನುವುದಾದರೆ ಯಾವ ದಾಖಲೆ ಎಂಬುದನ್ನೂ ಬರೆಯಬೇಕು: ಕಾಲೇಜಿನದೋ, ಆ ಕೂಟದ್ದೋ, ರಾಜ್ಯದ್ದೋ? ಲಿಖಿತ ಆಧಾರವಿಲ್ಲದಿದ್ದರೆ ಆ ಪದವನ್ನೇ ಬಿಡಿ. ಅವರ ಜೊತೆ ಓಡಿದವರು ಸಂಚಿಕೆ ಓದುತ್ತಾರೆ. ಒಂದು ಅಂಕಿ ಸುಳ್ಳೆಂದು ಕಂಡರೆ ಉಳಿದ ಪುಟಗಳ ಮೇಲೂ ಅವರಿಗೆ ನಂಬಿಕೆ ಹೋಗುತ್ತದೆ. ಅದರ ಬದಲು ಟ್ರ್ಯಾಕ್ ಎಂಥದಿತ್ತು ಎಂದು ವಿಚಾರಿಸಿ ಬರೆಯಿರಿ. ಒಲಿಂಪಿಕ್ಸ್‌ಗೇ ಸಿಂಥೆಟಿಕ್ ಟ್ರ್ಯಾಕ್ ಬಂದದ್ದು 1968ರಲ್ಲಿ. ಕಿಟ್ಟದ ಪುಡಿ ಹಾಸಿದ ಅಥವಾ ಬರೀ ಮಣ್ಣಿನ ಟ್ರ್ಯಾಕಿನ ಮೇಲೆ 50.1 ಎಂದರೆ ಏನೆಂದು ಬಲ್ಲವರಿಗೆ ತಾನಾಗಿಯೇ ತಿಳಿಯುತ್ತದೆ.

ಪ್ರಶ್ನೆ: ನಮ್ಮ ಮೇಷ್ಟ್ರ ಬಗ್ಗೆ ಹಳೆಯ ವಿದ್ಯಾರ್ಥಿಗಳಿಂದ ಬರಹ ತರಿಸಿದೆವು. ಎಲ್ಲರೂ ‘ಶಿಸ್ತಿನ ಸಿಪಾಯಿ’, ‘ಆದರ್ಶ ಗುರು’ ಎಂದೇ ಬರೆದಿದ್ದಾರೆ. ಏನು ಮಾಡುವುದು?

ಉತ್ತರ: ‘ಮೇಷ್ಟ್ರ ಬಗ್ಗೆ ನಾಲ್ಕು ಮಾತು ಬರೆಯಿರಿ’ ಎಂದು ಕೇಳಿದರೆ ಬರುವುದು ಅದೇ. ಅವರು ಮಾಡುತ್ತಿದ್ದ ಕೆಲಸದ ಬಗ್ಗೆ ಕೇಳಬೇಕು. ಕೊನೆಯವನಾಗಿ ಬಂದ ಹುಡುಗನಿಗೆ ಏನು ಹೇಳುತ್ತಿದ್ದರು? ಮಳೆ ಬಂದ ದಿನ ಆಟದ ಪಿರಿಯಡ್ಡಿನಲ್ಲಿ ಏನು ಮಾಡಿಸುತ್ತಿದ್ದರು? ರಿಲೇ ಹೇಗೆ ಕಲಿಸಿದರು?

ರಿಲೇಯ ಪ್ರಶ್ನೆಯನ್ನಂತೂ ಬಿಡಬೇಡಿ. ಬ್ಯಾಟನ್ ಬದಲಾಯಿಸುವುದನ್ನು ಕಲಿಸುವಾಗ ಮುಂದಿನ ಓಟಗಾರ ನಿಂತ ಜಾಗದಿಂದ ಹಿಂದಕ್ಕೆ ಹೆಜ್ಜೆಗೆ ಹೆಜ್ಜೆ ತಾಗಿಸಿ ಅಳೆದು, ಇಪ್ಪತ್ತು ಇಪ್ಪತ್ತೈದು ಪಾದದ ದೂರದಲ್ಲಿ ಒಂದು ಗುರುತು ಹಾಕುತ್ತಾರೆ. ಹಿಂದಿನವನು ಆ ಗುರುತು ಮುಟ್ಟಿದೊಡನೆ ಮುಂದಿನವನು ತಿರುಗಿ ನೋಡದೆ ಓಡಲು ಶುರು ಮಾಡಬೇಕು. ಗುರುತು ಹತ್ತಿರವಾದರೆ ಇಬ್ಬರೂ ಡಿಕ್ಕಿ ಹೊಡೆಯುತ್ತಾರೆ, ದೂರವಾದರೆ ಬ್ಯಾಟನ್ ಕೈಗೆ ಎಟುಕುವುದಿಲ್ಲ. ಆ ಗುರುತನ್ನು ಮೇಷ್ಟ್ರು ಎಷ್ಟು ಸಲ ಅಳಿಸಿ ಮತ್ತೆ ಹಾಕಿದರು, ಬ್ಯಾಟನ್ ಬಿದ್ದಾಗ ಯಾರನ್ನು ಬೈದರು, ಯಾರನ್ನು ಬೈಯಲಿಲ್ಲ ಎಂಬುದು ಶಿಷ್ಯರಿಗೆ ನೆನಪಿರುತ್ತದೆ. ಫೋನಿನಲ್ಲಿ ಕೇಳಿ, ಅನುಮತಿ ಪಡೆದು ಧ್ವನಿಮುದ್ರಿಸಿ, ಅವರ ಮಾತಿನಲ್ಲೇ ಇಳಿಸಿಕೊಳ್ಳಿ. ಗೆದ್ದವರನ್ನಷ್ಟೇ ಅಲ್ಲ, ಓಟವೇ ಬಾರದಿದ್ದ ಒಬ್ಬರನ್ನಾದರೂ ಮಾತಾಡಿಸಿ. ಮೇಷ್ಟ್ರು ಹೇಗಿದ್ದರೆಂದು ಅವರು ಹೇಳುವಷ್ಟು ಸರಿಯಾಗಿ ಬೇರೆಯವರು ಹೇಳಲಾರರು.

ಪ್ರಶ್ನೆ: ಕ್ರೀಡೆಗೆ ಹತ್ತು ಪುಟ, ಶಾಲೆಗೆ ಹತ್ತು ಪುಟ ತುಂಬಿದೆ. ಸಂಸಾರಕ್ಕೆ ‘ಪ್ರೀತಿಯ ಪತಿ, ವಾತ್ಸಲ್ಯಮಯಿ ತಂದೆ’ ಎಂಬ ಒಂದು ಸಾಲು ಮಾತ್ರ ಉಳಿದಿದೆ. ಅಮ್ಮ ಹೆಚ್ಚು ಮಾತಾಡುವುದಿಲ್ಲ.

ಉತ್ತರ: ಮೂರು ಭಾಗ ಮಾಡಿದ್ದರಿಂದಲೇ ಹೀಗಾಗಿದೆ. ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ ಅವರನ್ನು ನೋಡಿ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಚಿನ್ನ, 47.6 ಸೆಕೆಂಡ್. ಮರುವರ್ಷವೇ ಚೀನಾಕ್ಕೆ ಹೋಗಿ ತಿಯಾನ್‌ಜಿನ್‌ನಲ್ಲಿ ಅಧ್ಯಾಪಕರಾದರು. ಯುದ್ಧದ ಭೀತಿಯಲ್ಲಿ 1941ರಲ್ಲಿ ಗರ್ಭಿಣಿ ಪತ್ನಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೆನಡಾಕ್ಕೆ ಕಳಿಸಿದರು. ಆಮೇಲೆ ಹುಟ್ಟಿದ ಮೂರನೆಯ ಮಗಳನ್ನು ಅವರು ನೋಡಲೇ ಇಲ್ಲ. ಚೀನಾದಲ್ಲೇ ಉಳಿದ ಅವರನ್ನು ಜಪಾನಿಯರು ಹಾಕಿದ ಬಂಧನ ಶಿಬಿರದಲ್ಲಿ ಅಲ್ಲಿದ್ದ ಮಕ್ಕಳಿಗೆ ಪಾಠ ಹೇಳಿದರು, ಆಟ ಆಡಿಸಿದರು. 1945ರ ಫೆಬ್ರವರಿಯಲ್ಲಿ ಅಲ್ಲೇ ತೀರಿಕೊಂಡರು. ಬೇರೆಯವರ ಮಕ್ಕಳ ಜೊತೆಗಿದ್ದ ಮೇಷ್ಟ್ರನ್ನೂ ತನ್ನ ಮಗಳನ್ನು ಕಾಣದ ಅಪ್ಪನನ್ನೂ ಬೇರೆ ಬೇರೆ ಅಧ್ಯಾಯಕ್ಕೆ ಹಾಕಲು ಬರುತ್ತದೆಯೇ?

ಬರೆಯುವ ಮುನ್ನ ಒಂದು ಹಾಳೆಯಲ್ಲಿ ಇಸವಿಗಳನ್ನು ಸಾಲಾಗಿ ಬರೆದು ಪಕ್ಕದಲ್ಲಿ ಆಟ, ಕೆಲಸ, ಮನೆ ಎಂದು ಮೂರು ಕಲಂ ಎಳೆಯಿರಿ. ಕೊನೆಯ ಕೂಟವೂ ಮೊದಲ ಮಗುವೂ ಒಂದೇ ವರ್ಷಕ್ಕೆ ಬಂದಿದ್ದರೆ ಅಲ್ಲಿ ಬರೆಯಲು ಏನೋ ಇದೆ. ಅಮ್ಮನ ಮುಂದೆ ಪ್ರಶ್ನೆಪಟ್ಟಿ ಇಡಬೇಡಿ, ಆಲ್ಬಮ್ ಇಡಿ. ಅಪ್ಪ ಮನೆಗೆ ಬಾರದ ಸಂಜೆಗಳ ವಿಚಾರ ಬಂದರೆ, ಅಮ್ಮ ಒಪ್ಪಿದರೆ, ಅದನ್ನೂ ಸೇರಿಸಿ. ಮೈದಾನಕ್ಕೆ ಕೊಟ್ಟ ಹೊತ್ತು ಮನೆಯದೇ ಆಗಿತ್ತು, ಅದನ್ನು ಮುಚ್ಚಿಡುವುದು ಅಮ್ಮನಿಗೆ ಮಾಡುವ ಅನ್ಯಾಯ.

ಪ್ರಶ್ನೆ: ಹಳೆಯ ತುಣುಕು, ಪದಕಗಳನ್ನು ಹೇಗೆ ಕಾಪಾಡುವುದು? ಲ್ಯಾಮಿನೇಷನ್ ಮಾಡಿಸಬಹುದೇ?

ಉತ್ತರ: ಬೇಡ. ಶಾಖದಿಂದ ಅಂಟಿದ್ದನ್ನು ಮತ್ತೆ ಬಿಡಿಸಲಾಗದು, ಕಾಗದದೊಳಗಿನ ಆಮ್ಲ ತನ್ನ ಕೆಲಸ ಮುಂದುವರಿಸುತ್ತದೆ. ಸೆಲ್ಲೋಟೇಪ್ ಕೂಡ ಬೇಡ, ಅಂಟು ಕಂದಿ ಕಲೆಯಾಗುತ್ತದೆ. ಮೊದಲು ಸ್ಕ್ಯಾನ್ ಮಾಡಿ: ಅಕ್ಷರಗಳಿಗೆ 300 ಡಿಪಿಐ (ಸ್ಕ್ಯಾನಿನ ಸ್ಪಷ್ಟತೆಯ ಅಳತೆ), ಚಿಕ್ಕ ಫೋಟೊಗಳಿಗೆ 600. ಮೂಲವನ್ನು ಆಮ್ಲರಹಿತ ಕಾಗದದ ನಡುವೆ ಮಡಿಸದೆ ಇಡಿ. ಫೋಟೊದ ಹಿಂದೆ ಹೆಸರು ಬರೆಯಲು ಮೆದು ಪೆನ್ಸಿಲ್ ಬಳಸಿ. ಬಾಲ್‌ಪೆನ್ನಿನ ಒತ್ತು ಮುಂದಕ್ಕೆ ಮೂಡುತ್ತದೆ. ಪದಕಗಳನ್ನು ಪಾಲಿಶ್ ಹಾಕಿ ಉಜ್ಜಬೇಡಿ, ಬಹುಪಾಲು ಮೇಲ್ಲೇಪದವು, ಲೇಪವೇ ಎದ್ದು ಬರುತ್ತದೆ. ಒಣ ಹತ್ತಿಬಟ್ಟೆಯಿಂದ ಒರೆಸಿ ಒಂದೊಂದನ್ನೂ ಬೇರೆ ಬೇರೆ ಸುತ್ತಿ, ಯಾವ ಕೂಟ, ಯಾವ ವರ್ಷ ಎಂಬ ಚೀಟಿಯನ್ನು ಜೊತೆಗಿಡಿ. ಆ ಚೀಟಿಯನ್ನು ವಿವರ ಗೊತ್ತಿರುವ ಹಿರಿಯರು ಇರುವಾಗಲೇ ಬರೆಸಿಕೊಳ್ಳಿ.