ಹವ್ಯಾಸದ ಮೂಲೆ: ಕ್ಯಾಪ್ಟನ್ ಕರ್ಕ್ ಕೈಯಲ್ಲಿದ್ದದ್ದು ನಮಗೂ ಸಿಗುತ್ತದಾ?

ಹೋದ ಸಂಚಿಕೆಯಲ್ಲಿ ನನ್ನ ಟೀವಿ ಪಕ್ಕ ಇರುವ ಫೇಸರ್ (ಕಿರಣ ಬಿಡುವ ಪಿಸ್ತೂಲಿನ ನಕಲು) ಫೋಟೋ ಅಚ್ಚಾಯಿತು ನೋಡಿ, ಈ ತಿಂಗಳ ಟಪಾಲೆಲ್ಲ ಅಮೆರಿಕದ ಹಳೇ ಬಾಹ್ಯಾಕಾಶ ಧಾರಾವಾಹಿ ಸ್ಟಾರ್ ಟ್ರೆಕ್‌ ಬಗ್ಗೆಯೇ. ಕೈದೋಟದ ಪ್ರಶ್ನೆ ಕೇಳಿದವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು.

ಪ್ರಶ್ನೆ: ಮೇಡಂ, ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಸ್ಟಾರ್ ಟ್ರೆಕ್ ನೋಡಿ ಬೆಳೆದವನು ನಾನು. ಈಗ ಬ್ಯಾಂಕಿನಿಂದ ನಿವೃತ್ತ. ಅದರಲ್ಲಿ ನೌಕೆಯ ಕ್ಯಾಪ್ಟನ್ ಕರ್ಕ್ ಪಟ್ ಅಂತ ಮುಚ್ಚಳ ತೆರೆದು ಮಾತಾಡುತ್ತಿದ್ದ ಕಮ್ಯೂನಿಕೇಟರ್ ಒಂದು ನನ್ನ ಮೇಜಿನ ಮೇಲೆ ಇರಬೇಕು ಅಂತ ಆಸೆ. ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿಗೂ ಇದೆ, ಅದರ ಹತ್ತಿಪ್ಪತ್ತು ಪಟ್ಟು ಬೆಲೆಗೂ ಇದೆ. ಯಾವುದು ತಗೊಳ್ಳಲಿ? — ಶಿವಮೊಗ್ಗದ ಓದುಗರು

ಉತ್ತರ: ಸರ್, ನಾನೂ ಆ ಭಾನುವಾರಗಳ ಗಿರಾಕಿಯೇ. ನಮ್ಮನೆಯದು ಕಪ್ಪು-ಬಿಳುಪು ಟೀವಿ. ಕರ್ಕ್ ಸಂಗಡಿಗರಲ್ಲಿ ಸ್ಪಾಕ್‌ನ ಅಂಗಿ ನೀಲಿ, ಸ್ಕಾಟಿಯದು ಕೆಂಪು ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ.

ದುಡ್ಡಿನ ಮಾತಿಗೆ ಮೊದಲು ಒಂದು ವಿಷಯ. ಅಮೆರಿಕದ ಎನ್‌ಬಿಸಿಯಲ್ಲಿ 1966ರಿಂದ 1969ರವರೆಗೆ 79 ಕಂತು ಬಂದ ಆ ಸರಣಿಯಲ್ಲಿ ಕಮ್ಯೂನಿಕೇಟರ್ ಒಂದೇ ಇರಲಿಲ್ಲ. ಅವನ್ನು ಮಾಡಿಕೊಟ್ಟವರು ವಾ ಚಾಂಗ್ ಎಂಬ ಕಲಾವಿದರು. ಸುತ್ತಲಿನದನ್ನು ಪರೀಕ್ಷಿಸುವ ಟ್ರೈಕಾರ್ಡರ್ ಯಂತ್ರ ಕೂಡ ಅವರದೇ ಕೈಚಳಕ. ಮಾಡಿದ ಕಮ್ಯೂನಿಕೇಟರ್‌ಗಳಲ್ಲಿ ಹೆಚ್ಚಿನವು ನಟರ ಸೊಂಟದಲ್ಲಿ ಇರಲಿ ಅಂತ ಅಷ್ಟೇ. ಒಳಗೆ ಏನೂ ಇಲ್ಲ. ಕ್ಯಾಮೆರಾ ಹತ್ತಿರಕ್ಕೆ ಬಂದಾಗ ಕೈಗೆ ಕೊಡುತ್ತಿದ್ದದ್ದು ಬೇರೆ. ಅದಕ್ಕೆ ‘ಹೀರೋ ಪ್ರಾಪ್’ ಅಂತ ಹೆಸರು (ಪ್ರಾಪ್ ಅಂದರೆ ಶೂಟಿಂಗ್ ಸಾಮಾನು). ಮುಚ್ಚಳ ತೆರೆದರೆ ಗೆರೆಗೆರೆಯ ಬಿಲ್ಲೆಯೊಂದು ತಿರುಗುತ್ತದಲ್ಲ, ಅದನ್ನು ತಿರುಗಿಸುತ್ತಿದ್ದದ್ದು ಒಳಗೆ ಕೂರಿಸಿದ್ದ, ಕೀ ಕೊಡುವ ಸ್ಟಾಪ್‌ವಾಚ್! ಬಾಹ್ಯಾಕಾಶ ನೌಕೆಗೆ ಮಾತು ಕಳಿಸುವ ಯಂತ್ರಕ್ಕೆ ಯಾರೋ ಮೊದಲು ಕೀ ಕೊಡಬೇಕಿತ್ತು.

ಮಾರುವವರೆಲ್ಲ ‘ಟೀವಿಯಲ್ಲಿ ಇದ್ದ ಹಾಗೇ’ ಅಂತ ಬರೆಯುತ್ತಾರೆ. ಯಾವುದರ ಹಾಗೆ ಅಂತ ಕೇಳಿ. ಸೊಂಟದ್ದೋ, ಹೀರೋನೋ? ಉತ್ತರ ಬರದಿದ್ದರೆ ಮುಂದಕ್ಕೆ ಹೋಗಿ.

ಹೀರೋ ಬೇಕು ಅಂದರೆ ಇಂಗ್ಲೆಂಡಿನ ಕೇಂಬ್ರಿಜ್‌ ಕಡೆಯ ದಿ ವ್ಯಾಂಡ್ ಕಂಪನಿ ಮಾಡಿದ್ದು ನೋಡಿ. ಉಳಿದಿದ್ದ ಮೂಲ ಪ್ರಾಪ್ ಒಂದನ್ನೇ ಸ್ಕ್ಯಾನ್ ಮಾಡಿ ತಯಾರಿಸಿದ್ದು ಅದು. ಬ್ಲೂಟೂತ್ ಇದೆ, ನಿಮ್ಮ ಮೊಬೈಲಿಗೆ ಜೋಡಿಸಿ ನಿಜವಾಗಿಯೂ ಮಾತಾಡಬಹುದು. ಮಗಳು ಫೋನ್ ಮಾಡಿದಾಗ ಮುಚ್ಚಳ ಹಾರಿಸಿ ‘ಹೇಳಮ್ಮ’ ಅನ್ನಬಹುದು. ಹೊಸದು ಸಿಗದಿದ್ದರೆ ಇಬೇ ಎಂಬ ಮಾರಾಟದ ಜಾಲತಾಣದಲ್ಲಿ ಸೆಕೆಂಡ್ ಹ್ಯಾಂಡ್ ಹುಡುಕಬೇಕಾಗುತ್ತದೆ. ಆಗ ಬ್ಯಾಟರಿ ಚಾರ್ಜ್ ನಿಲ್ಲುತ್ತದಾ ಅಂತ ಮೊದಲು ವಿಚಾರಿಸಿ. ಮುಂಚೆ ಮಾಸ್ಟರ್ ರೆಪ್ಲಿಕಾಸ್ ಅಂತ ಒಂದು ಕಂಪನಿ ಬಲು ಚೆನ್ನಾಗಿ ಮಾಡುತ್ತಿತ್ತು. ಈಗ ಅವು ಸಂಗ್ರಹಕಾರರ ಕೈಯಿಂದ ಕೈಗೆ ಹೋಗುವ ಮಾಲು, ಬೆಲೆಯೂ ಹಾಗೇ.

ಇನ್ನು ಆಟಿಕೆ. ಡೈಮಂಡ್ ಸೆಲೆಕ್ಟ್ ಅವರದ್ದು, ಅದಕ್ಕೂ ಹಿಂದಿನ ಪ್ಲೇಮೇಟ್ಸ್ ಅವರದ್ದು. ಪ್ಲಾಸ್ಟಿಕ್ ನಿಜ, ಆದರೆ ಚಿಲಿಪಿಲಿ ಸದ್ದು ಬರುತ್ತದೆ. ನನ್ನ ಮಾತು ಕೇಳುವುದಾದರೆ ಡೈಮಂಡ್ ಸೆಲೆಕ್ಟ್‌ನಿಂದ ಶುರು ಮಾಡಿ. ಮಣಿಕಟ್ಟು ಝಾಡಿಸಿದರೆ ಮುಚ್ಚಳ ತೆರೆಯಬೇಕು. ಅಷ್ಟು ಮಾಡದ ಕಮ್ಯೂನಿಕೇಟರ್, ಅದರ ಜಾಲರಿಯ ತೂತುಗಳು ಎಷ್ಟೇ ಸರಿಯಾಗಿರಲಿ, ನನಗೆ ಬೇಡ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವವರ ರುಚಿ ಬೇರೆ, ಅವರ ಸುದ್ದಿಗೆ ನಾನು ಹೋಗುವುದಿಲ್ಲ.

ಒಂದು ಎಚ್ಚರ. ಎಎಂಟಿ ಕಂಪನಿ 1974ರಲ್ಲಿ ಫೇಸರ್, ಕಮ್ಯೂನಿಕೇಟರ್, ಟ್ರೈಕಾರ್ಡರ್ ಮೂರೂ ಇರುವ ಕಿಟ್ ತಂದಿತ್ತು. ಮುಂದೆ ಮತ್ತೆ ಅಚ್ಚಾಯಿತು. ಜೋಡಿಸಲಿಕ್ಕೆ ಖುಷಿಯಾಗುತ್ತದೆ, ಆದರೆ ಅಳತೆ ಮೂಲಕ್ಕಿಂತ ಚಿಕ್ಕದು. ಫೋಟೋದಲ್ಲಿ ಅದು ತಿಳಿಯುವುದಿಲ್ಲ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ಕಳಿಸಿ ಅಂತ ಕೇಳಿ, ನಾಚಿಕೊಳ್ಳಬೇಡಿ.

ಹೊರದೇಶದಿಂದ ತರಿಸಿದರೆ ಪರದೆ ಮೇಲಿನ ಬೆಲೆ ನಂಬಬೇಡಿ. ಕಸ್ಟಮ್ಸ್ ಸುಂಕ, ತೆರಿಗೆ ಎರಡೂ ಬೀಳುತ್ತವೆ. ಅದೂ ಸಾಗಣೆ ಖರ್ಚನ್ನು ಸೇರಿಸಿಕೊಂಡ ಮೊತ್ತದ ಮೇಲೆ. ನನ್ನ ತಂಗಿ ಅಮೆರಿಕದ ಸನ್ನಿವೇಲ್‌ನಲ್ಲಿದ್ದಾಳೆ. ಅವಳು ಊರಿಗೆ ಬರುವಾಗ ತರಿಸುವುದು ನನ್ನ ಪದ್ಧತಿ. ಕಮ್ಯೂನಿಕೇಟರ್ ಕೈಚೀಲದಲ್ಲಿ ಬರುತ್ತದೆ. ಫೇಸರ್ ಮಾತ್ರ ಪಿಸ್ತೂಲಿನ ಆಕಾರ. ಅದನ್ನು ಆಫ್ ಮಾಡಿ ಚೆಕ್-ಇನ್ ಲಗೇಜಿನಲ್ಲೇ ಹಾಕಿಸಬೇಕು. ಭದ್ರತಾ ಸಿಬ್ಬಂದಿಗೆ ‘ಇದು ಟೀವಿ ರಿಮೋಟು’ ಅಂತ ವಿವರಿಸುತ್ತಾ ನಿಲ್ಲುವ ಪಾಡು ಯಾರಿಗೂ ಬೇಡ. ವ್ಯಾಂಡ್ ಕಂಪನಿಯ ಫೇಸರ್ ನಿಜಕ್ಕೂ ರಿಮೋಟೇ, ಅದು ಬೇರೆ ಮಾತು. ನಮ್ಮ ಹಳೇ ಟೀವಿಯ ಸಿಗ್ನಲ್ ಕಲಿತುಕೊಂಡಿದೆ. ಸುದ್ದಿ ವಾಹಿನಿಯ ಕಿರುಚಾಟಕ್ಕೆ ಗುರಿಯಿಟ್ಟು ಮ್ಯೂಟ್ ಮಾಡುವ ಸುಖವೇ ಸುಖ.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಅಕ್ಕನ ಮಗನಿಗೆ ಒಬ್ಬರು ‘ಶೂಟಿಂಗ್‌ನಲ್ಲಿ ಬಳಸಿದ ಅಸಲಿ ಫೇಸರ್, ಸರ್ಟಿಫಿಕೇಟ್ ಸಮೇತ’ ಅಂತ ಕೊಡಲು ಬಂದಿದ್ದಾರಂತೆ. ತಗೊಳ್ಳಬಹುದಾ? — ಬೆಂಗಳೂರಿನ ಓದುಗರು

ಉತ್ತರ: ಸರ್ಟಿಫಿಕೇಟ್ ಕಾಗದವನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಆ ವಸ್ತು ಸ್ಟುಡಿಯೋದಿಂದ ಯಾರ ಕೈಗೆ ಬಂತು, ಅವರಿಂದ ಯಾರಿಗೆ ಹೋಯಿತು ಅಂತ ಸರಪಳಿ ಬೇಕು. ಒಂದು ಕೊಂಡಿ ಕಳಚಿದ್ದರೂ ದುಡ್ಡು ಬಿಚ್ಚಬಾರದು ಅಂತ ಹೇಳಿ.

ಅಸಲಿ ಸಿಗುವುದೇ ಇಲ್ಲ ಅಂತಲ್ಲ. 2006ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್‌ನಲ್ಲಿ ಸ್ಟಾರ್ ಟ್ರೆಕ್ ಸಾಮಾನುಗಳದ್ದೇ ಮೂರು ದಿನದ ಹರಾಜು ನಡೆಯಿತು. ಮುಂದೆ ಬಂದ ಸರಣಿಯ ನೌಕೆಯಾದ ಎಂಟರ್‌ಪ್ರೈಸ್ ಮಾದರಿಯೊಂದಕ್ಕೆ ಐದು ಲಕ್ಷ ಡಾಲರಿಗೂ ಜಾಸ್ತಿ ಬಂತು. ಇನ್ನೊಂದು ಕತೆ ಇನ್ನೂ ಮಜಾ. ಹಳೇ ಸರಣಿಯ ಶೀರ್ಷಿಕೆಯಲ್ಲಿ ಹಾರಾಡುವ ಎಂಟರ್‌ಪ್ರೈಸ್‌ನ ಮೂರಡಿ ಮಾದರಿ ಎಪ್ಪತ್ತರ ದಶಕದಲ್ಲಿ ಕಾಣೆಯಾಗಿತ್ತು. ಸರಣಿ ಹುಟ್ಟುಹಾಕಿದ ಜೀನ್ ರಾಡೆನ್‌ಬೆರಿ ಅದನ್ನು ಯಾರಿಗೋ ಎರವಲು ಕೊಟ್ಟಿದ್ದರು, ವಾಪಸ್ ಬರಲಿಲ್ಲ. 2023ರಲ್ಲಿ ನೋಡಿದರೆ ಇಬೇಯಲ್ಲಿ ಮಾರಾಟಕ್ಕೆ! ಸವಾಲು ಶುರುವಾದದ್ದು ಸಾವಿರ ಡಾಲರಿನಿಂದ. ಅಭಿಮಾನಿಗಳು ಗುರುತು ಹಿಡಿದರು, ಮಾರಾಟ ನಿಂತಿತು. ಹೆರಿಟೇಜ್ ಹರಾಜು ಸಂಸ್ಥೆಯ ಮೂಲಕ 2024ರಲ್ಲಿ ಅದು ರಾಡೆನ್‌ಬೆರಿ ಅವರ ಮಗನ ಕೈ ಸೇರಿತು. ಇದನ್ನು ಓದಿ ಅಕ್ಕನ ಮಗ ಇಬೇ ಜಾಲಾಡಲು ಕೂತರೆ ನಾನು ಹೊಣೆಯಲ್ಲ. ಹನ್ನೊಂದು ಅಡಿಯ ದೊಡ್ಡ ಮಾದರಿಯಂತೂ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಾಯು ಮತ್ತು ಬಾಹ್ಯಾಕಾಶ ಸಂಗ್ರಹಾಲಯದ ಬಳಿ ಇದೆ. ಅದನ್ನು ನೋಡಿ ಬರಲಿ, ಪ್ರವೇಶ ಉಚಿತ.

ಪ್ರಶ್ನೆ: ಆಂಟಿ, ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ತ್ರೀಡಿ ಪ್ರಿಂಟರ್‌ನಲ್ಲಿ ಫೇಸರ್ ಮಾಡಿದೆ. ಯಾಕೋ ಜಾತ್ರೆ ಆಟಿಕೆ ಥರ ಕಾಣುತ್ತೆ. ಕಾಮಿಕ್ಸ್ ಅಭಿಮಾನಿಗಳ ಮೇಳ ಬೆಂಗಳೂರು ಕಾಮಿಕ್ ಕಾನ್‌ಗೆ ಒಯ್ಯಬೇಕು. — ಹುಬ್ಬಳ್ಳಿಯ ಓದುಗ

ಉತ್ತರ: ತಮ್ಮಾ, ಪ್ರಿಂಟ್ ತೆಗೆದು ನೇರ ಬಣ್ಣ ಹೊಡೆದಿರುತ್ತೀಯ. ಪದರಗಳ ಗೆರೆ ಹೋಗಬೇಕು. ಗ್ಯಾರೇಜಿನವರು ಕಾರಿಗೆ ಹಚ್ಚುವ ಪುಟ್ಟಿ ತಂದು ತೆಳ್ಳಗೆ ಎಳೆ. ಒಣಗಿದ ಮೇಲೆ ನೀರು ಹಾಕಿ ಸ್ಯಾಂಡ್ ಪೇಪರಿನಲ್ಲಿ ಉಜ್ಜು. ಬೇಜಾರಾಗುವವರೆಗೆ ಉಜ್ಜು, ಆಮೇಲೂ ಸ್ವಲ್ಪ ಉಜ್ಜು. ಹಿಡಿಯನ್ನು ಪ್ರಿಂಟ್ ಮಾಡಲೇ ಬೇಡ. ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂ ಪೈಪು ಕತ್ತರಿಸಿಸಿಕೋ. ಕೈಗೆ ಲೋಹದ ತಂಪು, ತೂಕ ಸಿಕ್ಕಿತು ಅಂದರೆ ಅರ್ಧ ಕೆಲಸ ಆದ ಹಾಗೆ. ಮೇಲಿನ ಪುಟ್ಟ ಫೇಸರ್ ಬೇರೆಯಾಗಿ ಕಳಚಿ ಬರಬೇಕು, ಮರೆಯಬೇಡ. ಸರಣಿಯಲ್ಲಿ ಅದು ಒಂದರೊಳಗೊಂದು ಕೂರುವ ಜೋಡಿ ಆಯುಧ.

ಬೇರೆಯವರ ಎರಕದಿಂದ ಅಚ್ಚು ತೆಗೆದು ಮಾರುವವರ ಹತ್ತಿರ ಬಿಡಿಭಾಗ ಕೊಳ್ಳಬೇಡ. ರಾಳ ಗಟ್ಟಿಯಾಗುವಾಗ ಚೂರು ಕುಗ್ಗುತ್ತದೆ. ನಕಲಿನ ನಕಲು ಚಿಕ್ಕದಾಗಿ, ಅಂಚು ಮೊಂಡಾಗಿರುತ್ತದೆ. ಮೊದಲು ಕಷ್ಟಪಟ್ಟು ಮಾಡಿದವನಿಗೆ ಕಾಸೂ ಸಿಗುವುದಿಲ್ಲ.

ಮತ್ತೆ, ಮೆಟ್ರೋದಲ್ಲಿ ಅದನ್ನು ಹೊರಗೆ ತೆಗೆಯಬೇಡ. ಚೀಲದಲ್ಲೇ ಇರಲಿ.

ಪ್ರಶ್ನೆ: ನಾನು ವೈದ್ಯೆ. ಸ್ಟಾರ್ ಟ್ರೆಕ್ ನೌಕೆಯ ವೈದ್ಯ ಡಾಕ್ಟರ್ ಮೆಕಾಯ್ ಉಪಕರಣಗಳು ನನ್ನ ಕ್ಲಿನಿಕ್ಕಿಗೆ ಬೇಕಿತ್ತು. — ಮಂಗಳೂರಿನ ಓದುಗರು

ಉತ್ತರ: ಡಾಕ್ಟರೇ, ಪಾತ್ರೆ ಅಂಗಡಿಗೆ ಹೋಗಿ! 1966ರ ಸೆಪ್ಟೆಂಬರ್ 8ರಂದು ಪ್ರಸಾರವಾದ ಮೊದಲ ಕಂತಿನಲ್ಲಿ ಉಪ್ಪು ಹೀರುವ ಜೀವಿಯೊಂದು ಬರುತ್ತದೆ. ಅದಕ್ಕಾಗಿ ವಿಚಿತ್ರ ಆಕಾರದ ಉಪ್ಪಿನ ಡಬ್ಬಿಗಳನ್ನು ತಂದರು. ಇವು ಉಪ್ಪಿನ ಡಬ್ಬಿ ಅಂತ ನೋಡುವವರಿಗೆ ಗೊತ್ತಾಗುವುದಿಲ್ಲ ಅನ್ನಿಸಿ ಪಕ್ಕಕ್ಕಿಟ್ಟರು. ಕೊನೆಗೆ ಅವೇ ಮೆಕಾಯ್ ಕೈಯಲ್ಲಿ ಶಸ್ತ್ರಚಿಕಿತ್ಸೆಯ ಸಲಕರಣೆಗಳಾದವು. ಅರವತ್ತರ ದಶಕದ ಸ್ಕ್ಯಾಂಡಿನೇವಿಯಾ ಶೈಲಿಯ ಉಪ್ಪು-ಮೆಣಸಿನ ಡಬ್ಬಿಗಳು ಎಟ್ಸಿ ಎಂಬ ಮಾರಾಟದ ಜಾಲತಾಣದಲ್ಲಿ ನೋಡಲು ಸಿಗುತ್ತವೆ. ರೋಗಿಗಳ ಮೇಲೆ ಪ್ರಯೋಗ ಬೇಡ.

ಪ್ರಶ್ನೆ: ಏಳು ವರ್ಷದ ಮಗಳಿಗೆ ಏನಾದರೂ ಸುಲಭದ್ದು? — ಹಾಸನದ ತಾಯಿ

ಉತ್ತರ: ಟ್ರಿಬಲ್. 1967ರ ಡಿಸೆಂಬರ್‌ನಲ್ಲಿ ಬಂದ ಕಂತಿನ ಆ ಗುಂಡಗಿನ ತುಪ್ಪಳದ ಪ್ರಾಣಿ. ಆಗ ಸುಮಾರು 500 ಹೊಲಿಸಿದ್ದರು. ಕಾಲಿಲ್ಲ, ಕಣ್ಣಿಲ್ಲ, ಮೂತಿ ಇಲ್ಲ, ತಪ್ಪಾಗಲಿಕ್ಕೆ ಜಾಗವೇ ಇಲ್ಲ. ಟೆಡ್ಡಿ ಹೊಲಿಯುವ ಫರ್ ಬಟ್ಟೆ ಅರ್ಧ ಮೀಟರ್ ತನ್ನಿ. ಒಳಗಡೆಗೆ ಹಳೇ ದಿಂಬಿನ ಸ್ಪಂಜು ತುಂಬಿ. ಬಟ್ಟೆಯನ್ನು ಹಿಂದಿನ ಕಡೆಯಿಂದ ಬ್ಲೇಡಿನಲ್ಲಿ ನೀವೇ ಕತ್ತರಿಸಿ. ಕತ್ತರಿ ಹಾಕಿದರೆ ತುಪ್ಪಳ ಮೊಟಕಾಗುತ್ತದೆ. ಹೊಲಿಗೆ ಮಗಳು ಹಾಕಲಿ, ಸೊಟ್ಟಗಾದರೂ ತುಪ್ಪಳ ಮುಚ್ಚಿಕೊಳ್ಳುತ್ತದೆ.